ಯಾವ ತಿಂಗಳಲ್ಲಿ ಹೋಗಲಿ?





ಈ ಬಾರಿ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಎರಡು ದಿನ ಬಿಡಲೇ ಇಲ್ಲ. ಐವತ್ತೆಂಟು ವರ್ಷದ ತಾಯಿಯೊಬ್ಬರು ಬರೆದದ್ದು. ಅವರ ಮಗಳು, ಅಳಿಯ ನಾರ್ವೆ ದೇಶದ ಟ್ರೋಮ್ಸೋ ಎಂಬ ನಗರದಲ್ಲಿದ್ದಾರೆ. ಅಳಿಯನಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ. ಅವರು ಅಲ್ಲಿಗೆ ಹೋಗಿ ಒಂದು ಚಳಿಗಾಲ ಕಳೆದಿದೆ. ಈಗ ಮಗಳು, "ಉಮ್ಮಾ, ಮಾರ್ಚ್‌ನಲ್ಲಿ ಬನ್ನಿ, ಹಿಮವನ್ನೂ ನೋಡಬಹುದು, ಆಕಾಶದಲ್ಲಿ ಬಣ್ಣದ ಬೆಳಕನ್ನೂ ನೋಡಬಹುದು" ಎಂದು ಕರೆಯುತ್ತಿದ್ದಾಳಂತೆ. ಉಮ್ರಾಕ್ಕೆ ಹೋಗಿದ್ದು ಬಿಟ್ಟರೆ ತಾಯಿ ವಿಮಾನ ಹತ್ತಿದವರಲ್ಲ. ಮಂಡಿ ನೋವು ಬೇರೆ. ನೆರೆಮನೆಯವರು "ಅಲ್ಲಿ ಸೂರ್ಯನೇ ಹುಟ್ಟುವುದಿಲ್ಲವಂತೆ, ನಮಾಝ್ ಹೇಗೆ ಮಾಡ್ತೀರಿ? ತಿನ್ನುವುದೇನು?" ಎಂದು ಹೆದರಿಸಿದ್ದಾರೆ. "ಯಾವ ತಿಂಗಳಲ್ಲಿ ಹೋಗಲಿ, ನೀವೇ ಹೇಳಿ" ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಪ್ರಶ್ನೆಗೆ ಉತ್ತರಿಸುವ ಅರ್ಹತೆ ನನಗೆ ಅಷ್ಟಿಷ್ಟು ಇದೆ ಎಂದುಕೊಂಡಿದ್ದೇನೆ. ನನ್ನ ತಂಗಿಯ ಕುಟುಂಬ ಕೆಲವು ವರ್ಷ ಅದೇ ಊರಿನಲ್ಲಿತ್ತು. ನಾನು ಎರಡು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಫೆಬ್ರವರಿಯಲ್ಲಿ, ಇನ್ನೊಮ್ಮೆ ಜೂನ್‌ನಲ್ಲಿ. ಎರಡು ಬಾರಿ ಒಂದೇ ಊರಿಗೆ ಹೋದೆ ಎಂದು ನನಗೆ ಈಗಲೂ ಅನಿಸುವುದಿಲ್ಲ.

ಟ್ರೋಮ್ಸೋ ಒಂದು ದ್ವೀಪದ ಮೇಲಿರುವ ನಗರ. ಆರ್ಕ್ಟಿಕ್ ವೃತ್ತದಿಂದಲೂ ಉತ್ತರಕ್ಕೆ ಸುಮಾರು 350 ಕಿಲೋಮೀಟರ್. ಅಷ್ಟು ಉತ್ತರದಲ್ಲಿ ಹಿಮಕರಡಿಗಳು ಬೀದಿಯಲ್ಲಿ ಓಡಾಡುತ್ತವೆ ಎಂದು ನೀವು ಭಾವಿಸಿದರೆ ತಪ್ಪು. ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನ, ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆ, ಸಿಟಿ ಬಸ್ಸು ಎಲ್ಲ ಇರುವ ಊರು. ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ನೀರಿನ ಪ್ರವಾಹ ನಾರ್ವೆಯ ಕರಾವಳಿಯುದ್ದಕ್ಕೂ ಹರಿಯುವುದರಿಂದ ಅಲ್ಲಿನ ಬಂದರು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ, ಅಷ್ಟೇ. ಆದರೆ ಹಿಮ ಮಾತ್ರ ಲೆಕ್ಕವಿಲ್ಲದಷ್ಟು. 1997ರ ಎಪ್ರಿಲ್ 29ರಂದು ಅಲ್ಲಿ ನೆಲದ ಮೇಲೆ 240 ಸೆಂಟಿಮೀಟರ್ ಹಿಮ ಇತ್ತು. ಎಂಟಡಿ ಹತ್ತಿರ! ನಮ್ಮಲ್ಲಿ ಅದೇ ದಿನಗಳಲ್ಲಿ ಮಾವಿನ ಹಣ್ಣು.

ಭೂಮಿ ಸ್ವಲ್ಪ ವಾಲಿಕೊಂಡು ತಿರುಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವಲ್ಲ, ಅದರ ಪರಿಣಾಮವನ್ನು ಕಣ್ಣಾರೆ ನೋಡಬೇಕಾದರೆ ಇಂಥ ಊರಿಗೇ ಹೋಗಬೇಕು. ಮೇ 20ರ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗುವುದನ್ನು ನಿಲ್ಲಿಸುತ್ತಾನೆ. ಜುಲೈ 22ರ ತನಕ ಹೀಗೆಯೇ. ಮತ್ತೆ ನವೆಂಬರ್ 27ರ ಹೊತ್ತಿಗೆ ಮುಳುಗಿದವನು ಜನವರಿ 15ರ ತನಕ ಏಳುವುದಿಲ್ಲ. ಊರಿನ ಸುತ್ತ ಗುಡ್ಡಗಳಿರುವುದರಿಂದ ಪೇಟೆಯಲ್ಲಿ ನಿಂತವರಿಗೆ ಅವನ ಮುಖ ಕಾಣಬೇಕಾದರೆ ಜನವರಿ 21 ಆಗುತ್ತದೆ.

ಇಲ್ಲೇ ಅನೇಕರು ಹಣ ಕಳೆದುಕೊಳ್ಳುವುದು. ಮಕ್ಕಳಿಗೆ ರಜೆ ಎಂದು ಮೇ, ಜೂನ್‌ನಲ್ಲಿ ಟಿಕೆಟ್ ಮಾಡಿಸುತ್ತಾರೆ. ಹೋಗಿ ಇಳಿದ ಮೇಲೆ, "ಆ ಹಸಿರು ಬೆಳಕು ಎಲ್ಲಿ?" ಎಂದು ಕೇಳುತ್ತಾರೆ. ರಾತ್ರಿಯೇ ಇಲ್ಲದ ಮೇಲೆ ಬೆಳಕು ಕಾಣುವುದೆಲ್ಲಿಂದ? ಧ್ರುವಜ್ಯೋತಿ ಬೇಕಿದ್ದರೆ ಆಗಸ್ಟ್ ಕೊನೆಯಿಂದ ಎಪ್ರಿಲ್ ಮೊದಲ ವಾರದೊಳಗೆ ಹೋಗಬೇಕು. ನಡುರಾತ್ರಿಯ ಸೂರ್ಯ ಬೇಕಿದ್ದರೆ ಬೇಸಿಗೆಯಲ್ಲಿ. ಎರಡನ್ನೂ ಒಂದೇ ಪ್ರಯಾಣದಲ್ಲಿ ಯಾವ ಟ್ರಾವೆಲ್ಸ್‌ನವನೂ ತೋರಿಸಲಾರ.

ಮೊದಲು ಬೇಸಿಗೆಯ ಮಾತು ಮುಗಿಸುತ್ತೇನೆ, ಯಾಕೆಂದರೆ ನನಗೆ ಅದು ಅಷ್ಟು ಹಿಡಿಸಲಿಲ್ಲ. ನೋಟ ಚೆಂದವೇ. ಸೇತುವೆಯ ಆಚೆ ಸ್ಟೋರ್‌ಸ್ಟೈನೆನ್ ಎಂಬ 421 ಮೀಟರ್ ಎತ್ತರದ ಜಾಗಕ್ಕೆ ಕೇಬಲ್ ಕಾರ್ ಇದೆ, ನಾಲ್ಕು ನಿಮಿಷದಲ್ಲಿ ಮೇಲೆ ಒಯ್ಯುತ್ತದೆ. ನಡೆಯಬಲ್ಲವರಿಗೆ ಪಕ್ಕದಲ್ಲೇ ಸುಮಾರು 1200 ಕಲ್ಲಿನ ಮೆಟ್ಟಿಲುಗಳಿವೆ. ನೇಪಾಳದಿಂದ ಶೆರ್ಪಾಗಳನ್ನು ಕರೆಸಿ ಕಟ್ಟಿಸಿದ್ದು ಎಂದು ಕೇಳಿ ನನಗೆ ಹೆಮ್ಮೆಯೆನಿಸಿತು. ಎವರೆಸ್ಟಿನ ಜನರ ಕೈಗುಣ ಧ್ರುವ ಪ್ರದೇಶಕ್ಕೂ ಹೋಗಿದೆ. ರಾತ್ರಿ ಹನ್ನೆರಡಕ್ಕೆ ಮೇಲೆ ನಿಂತರೆ ಸೂರ್ಯ ಉತ್ತರ ದಿಕ್ಕಿನಲ್ಲಿ, ಸಮುದ್ರದ ಮೇಲೆ ಜಾರುತ್ತಾ ಹೋಗುತ್ತಾನೆಯೇ ಹೊರತು ಮುಳುಗುವುದಿಲ್ಲ. ಹನ್ನೆರಡೂವರೆಗೆ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ. ಮುದುಕರು ಬೇಲಿಗೆ ಬಣ್ಣ ಬಳಿಯುತ್ತಿರುತ್ತಾರೆ. ನನಗೆ ಮಾತ್ರ ನಾಲ್ಕು ದಿನ ನಿದ್ದೆ ಬರಲಿಲ್ಲ. ತಂಗಿಯ ಮನೆಯ ದಪ್ಪ ಕಪ್ಪು ಪರದೆಯ ಒಂದು ಬಿರುಕಿನಿಂದ ಬೆಳಕು ಬಂದು ನೇರ ಕಣ್ಣಿನ ಮೇಲೆ ಬೀಳುತ್ತಿತ್ತು. ನಾಲ್ಕನೆಯ ದಿನ ನನ್ನದೇ ಒಂದು ಕಪ್ಪು ಶಾಲನ್ನು ಅದರ ಮೇಲೆ ಪಿನ್ ಹಾಕಿ ತೂಗಿಸಿದೆ.

ಇನ್ನು ನಮಾಝಿನ ಪ್ರಶ್ನೆ. ಇದು ನೆರೆಮನೆಯವರ ಪ್ರಶ್ನೆ ಮಾತ್ರವಲ್ಲ, ನನ್ನದೂ ಆಗಿತ್ತು. ಸೂರ್ಯ ಮುಳುಗದಿದ್ದರೆ ಮಗ್ರಿಬ್ ಯಾವಾಗ? ಕತ್ತಲಾಗದಿದ್ದರೆ ಇಶಾ ಯಾವಾಗ?

ಇದು ಹೊಸ ಪ್ರಶ್ನೆಯೇನಲ್ಲ. ಕ್ರಿ.ಶ. 921ರಲ್ಲಿ ಬಗ್ದಾದಿನ ಖಲೀಫರು ವೋಲ್ಗಾ ನದಿಯ ತೀರದ ಬಲ್ಗರರ ರಾಜನ ಬಳಿಗೆ ಒಂದು ನಿಯೋಗವನ್ನು ಕಳುಹಿಸಿದ್ದರು. ಅದರಲ್ಲಿದ್ದ ಇಬ್ನ್ ಫದ್ಲಾನ್ ತನ್ನ ಪ್ರವಾಸವನ್ನು ಬರೆದಿಟ್ಟಿದ್ದಾರೆ. ಅಲ್ಲಿಗೆ ತಲುಪಿದ ಒಂದು ಸಂಜೆ ಬಗ್ದಾದಿನವನೇ ಆದ ಒಬ್ಬ ದರ್ಜಿಯೊಂದಿಗೆ ಡೇರೆಯೊಳಗೆ ಮಾತಾಡುತ್ತಾ ಇಶಾದ ಅದಾನ್‌ಗೆ ಕಾದರಂತೆ. ಅದಾನ್ ಕೇಳಿ ಹೊರಗೆ ಬಂದರೆ ಬೆಳಗಾಗಿದೆ! ಮುಅದ್ದಿನ್‌ರನ್ನು ಕೇಳಿದರೆ ಅದು ಫಜ್ರ್‌ನ ಅದಾನ್. ಇಶಾವನ್ನು ಮಗ್ರಿಬ್‌ನೊಂದಿಗೇ ಸೇರಿಸಿ ಮಾಡಿಬಿಡುತ್ತೇವೆ ಎಂದು ಉತ್ತರ ಬಂತು. ಅದೇ ಪ್ರವಾಸದಲ್ಲಿ ಅವರು ರಾತ್ರಿಯ ಆಕಾಶ ಕೆಂಪಾಗಿ, ಮೋಡಗಳಂಥವು ಕುದುರೆ ಸವಾರರ ಸೈನ್ಯಗಳಂತೆ ಒಂದರ ಮೇಲೊಂದು ನುಗ್ಗುವುದನ್ನು ಕಂಡರು. ಹೆದರಿ ದುಆ ಮಾಡತೊಡಗಿದ ಅವರನ್ನು ನೋಡಿ ಊರವರು ನಕ್ಕರಂತೆ. ಅದು ಧ್ರುವಜ್ಯೋತಿಯೇ ಇರಬೇಕು ಎನ್ನುತ್ತಾರೆ ತಿಳಿದವರು. ಬಗ್ದಾದಿನ ವಿದ್ವಾಂಸರೇ ಹೆದರಿದ್ದರೆ ನಮ್ಮ ನೆರೆಮನೆಯವರು ಹೆದರುವುದರಲ್ಲಿ ತಪ್ಪೇನು!

ವಿದ್ವಾಂಸರು ಇಲ್ಲಿ ಆಧಾರವಾಗಿ ತೋರಿಸುವುದು ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಹದೀಸನ್ನು. ದಜ್ಜಾಲನ ಕಾಲದಲ್ಲಿ ಒಂದು ದಿನ ಒಂದು ವರ್ಷದಷ್ಟು ಉದ್ದವಿರುತ್ತದೆ ಎಂದಾಗ, ಆ ದಿನಕ್ಕೆ ಒಂದು ದಿನದ ನಮಾಝ್ ಸಾಕೇ ಎಂದು ಸಹಾಬಿಗಳು ಕೇಳಿದರು. ಸಾಲದು, ಸಮಯವನ್ನು ಅಂದಾಜು ಮಾಡಿಕೊಳ್ಳಿ ಎಂಬ ಅರ್ಥದ ಉತ್ತರವನ್ನು ಪ್ರವಾದಿ(ಸ) ನೀಡಿದರು. ಈ ಅಂದಾಜನ್ನು ಹೇಗೆ ಮಾಡುವುದು ಎಂಬುದರಲ್ಲಿ ಮಾತ್ರ ಅಭಿಪ್ರಾಯ ಭೇದವಿದೆ. ಹಗಲು ರಾತ್ರಿ ಬೇರೆ ಬೇರೆಯಾಗಿರುವ ಹತ್ತಿರದ ಊರಿನ ಸಮಯವನ್ನು ಅನುಸರಿಸಬೇಕೆಂದು ಕೆಲವರು, ಮಕ್ಕಾದ ಸಮಯವನ್ನು ಅನುಸರಿಸಬಹುದೆಂದು ಕೆಲವರು. ಟ್ರೋಮ್ಸೋದಲ್ಲಿ ಅಲ್‌ನೂರ್ ಸೆಂಟರ್ ಎಂಬ ಪುಟ್ಟ ಮಸೀದಿ ಇದೆ. ಜಗತ್ತಿನ ಅತ್ಯಂತ ಉತ್ತರದ ಮಸೀದಿಗಳಲ್ಲಿ ಒಂದು. ಸೋಮಾಲಿಯಾದಿಂದ ಬಂದವರು ಅಲ್ಲಿ ಬಹಳ. ಸೂರ್ಯನ ಲೆಕ್ಕ ಸಿಗದ ತಿಂಗಳುಗಳಲ್ಲಿ ಅವರು ಮಕ್ಕಾದ ವೇಳಾಪಟ್ಟಿಯನ್ನು ಹಿಡಿದುಕೊಂಡರು. 2015 ಮತ್ತು 2016ರ ರಮಝಾನ್‌ಗಳು ನಡುರಾತ್ರಿಯ ಸೂರ್ಯನ ದಿನಗಳಲ್ಲೇ ಬಂದಿದ್ದವು. ಕಿಟಕಿಯಿಂದ ಬಿಸಿಲು ಬೀಳುತ್ತಿರುವಾಗಲೇ ಖರ್ಜೂರ ಬಾಯಿಗಿಟ್ಟು ಉಪವಾಸ ಬಿಡುವುದನ್ನು ಮನಸ್ಸು ಒಪ್ಪಲು ಮೊದಮೊದಲು ಕಷ್ಟವಾಗುತ್ತಿತ್ತು ಎಂದು ತಂಗಿ ಹೇಳುತ್ತಿದ್ದಳು. 2030ರ ಡಿಸೆಂಬರ್ ಕೊನೆಯಲ್ಲಿ ರಮಝಾನ್ ಮತ್ತೆ ಅಲ್ಲಿನ ಕತ್ತಲ ದಿನಗಳಿಗೆ ಬರುತ್ತದೆ.

ಆದ್ದರಿಂದ ಪತ್ರ ಬರೆದ ತಾಯಿಗೆ ಈ ವಿಷಯದಲ್ಲಿ ಚಿಂತೆ ಬೇಡ. ಮಗಳ ಮನೆಯ ಗೋಡೆಯ ಮೇಲೆ ವೇಳಾಪಟ್ಟಿ ಇದ್ದೇ ಇರುತ್ತದೆ. ಪ್ರಯಾಣದಲ್ಲಿ ಕಸ್ರ್, ಜಮ್ಅ್ ವಿನಾಯಿತಿಗಳನ್ನು ನಿಮ್ಮ ಮದ್‌ಹಬ್ ಪ್ರಕಾರ ಉಸ್ತಾದರಲ್ಲಿ ಕೇಳಿ ತಿಳಿದುಕೊಂಡು ಹೋಗಿ. ಚರ್ಮದ ಖುಫ್ಫ್ ಒಂದು ಜೊತೆ ಕೊಂಡರೆ ಅದರ ಮೇಲೆ ಸವರುವ ಕ್ರಮವನ್ನೂ ಕೇಳಿಕೊಳ್ಳಿ. ಆ ಚಳಿಯಲ್ಲಿ ಹೊರಗೆ ಎಲ್ಲೋ ವುಝೂ ಮಾಡಬೇಕಾಗಿ ಬಂದಾಗ ಈ ವಿನಾಯಿತಿಯ ಬೆಲೆ ಗೊತ್ತಾಗುತ್ತದೆ. ಇನ್ನೊಂದು, ನಮ್ಮಲ್ಲಿ ಕಿಬ್ಲಾ ಪಶ್ಚಿಮಕ್ಕೆ. ಅಲ್ಲಿ ದಕ್ಷಿಣಕ್ಕೆ ಮುಖಮಾಡಿ ಸ್ವಲ್ಪ ಪೂರ್ವಕ್ಕೆ ವಾಲಬೇಕು. ಅಭ್ಯಾಸಬಲದಿಂದ ನಾನು ಮೊದಲ ದಿನ ಪಶ್ಚಿಮಕ್ಕೆ ಮುಸಲ್ಲಾ ಹಾಸಿದ್ದೆ. ತಂಗಿಯ ಆರು ವರ್ಷದ ಮಗ ನಗುತ್ತಾ ತಿರುಗಿಸಿ ಹಾಕಿದ.

ಈಗ ಚಳಿಗಾಲಕ್ಕೆ ಬರೋಣ. ನೋಡಬೇಕಾದದ್ದು ಇರುವುದೇ ಆಗ.

ಧ್ರುವಜ್ಯೋತಿ ಎಂದರೆ ಸೂರ್ಯನಿಂದ ಹೊರಟ ವಿದ್ಯುತ್ ಕಣಗಳು ಭೂಮಿಯ ಕಾಂತಕ್ಷೇತ್ರದ ದಾರಿ ಹಿಡಿದು ಧ್ರುವಗಳ ಕಡೆಗೆ ಬಂದು ವಾತಾವರಣದ ಅನಿಲಗಳಿಗೆ ಬಡಿದಾಗ ಹೊಮ್ಮುವ ಬೆಳಕು. ನೂರು ಕಿಲೋಮೀಟರಿಗೂ ಎತ್ತರದಲ್ಲಿ ಆಮ್ಲಜನಕ ಹಸಿರು ಬಣ್ಣ ಕೊಡುತ್ತದೆ, ಇನ್ನೂ ಮೇಲೆ ಕೆಂಪು. ಸಾರಜನಕದಿಂದ ನೇರಳೆ, ಗುಲಾಬಿ. ಮೊಬೈಲಿನಲ್ಲಿ ನೋಡಿದ ಚಿತ್ರಗಳಷ್ಟು ಕಡು ಬಣ್ಣ ಬರಿಗಣ್ಣಿಗೆ ಯಾವಾಗಲೂ ಕಾಣುವುದಿಲ್ಲ ಎಂದು ಮೊದಲೇ ತಿಳಿದಿರಲಿ. ಕ್ಯಾಮೆರಾ ಬೆಳಕನ್ನು ಕೂಡಿಸಿಕೊಳ್ಳುತ್ತದೆ, ಕಣ್ಣು ಕೂಡಿಸುವುದಿಲ್ಲ. ನಾನು ನೋಡಿದ ಮೊದಲ ಹತ್ತು ನಿಮಿಷ ಅದು ಬರೀ ಬಿಳಿಚಿದ ಮೋಡದ ಹಾಗಿತ್ತು. ನಿರಾಶೆಯಾಗಿ ಕಾಫಿಯ ಫ್ಲಾಸ್ಕ್ ತೆಗೆಯಲು ಬಗ್ಗಿದಾಗ ತಂಗಿ ಕಿರುಚಿದಳು. ತಲೆಯೆತ್ತಿದರೆ ಹಸಿರು ಬೆಳಕು ಗಾಳಿಗೆ ತೂಗುವ ಪರದೆಯಂತೆ ಇಡೀ ಆಕಾಶದಲ್ಲಿ ಮಡಿಕೆ ಬಿಚ್ಚುತ್ತಿದೆ. ಸುಬ್‌ಹಾನಲ್ಲಾಹ್ ಎಂಬುದೊಂದನ್ನು ಬಿಟ್ಟರೆ ನನ್ನ ಬಾಯಿಂದ ಏನೂ ಬರಲಿಲ್ಲ. ಮೂರೋ ನಾಲ್ಕೋ ನಿಮಿಷ. ಕಾಫಿ ಎಲ್ಲಿ ಚೆಲ್ಲಿತೋ ಗೊತ್ತಿಲ್ಲ.

ಇದಕ್ಕೆ ಮೋಡವಿಲ್ಲದ ಆಕಾಶ ಬೇಕು. ಕರಾವಳಿಯಲ್ಲಿ ಮೋಡ ಜಾಸ್ತಿ. ಅದಕ್ಕೆ ಬಸ್ಸಿನವರು ಜನರನ್ನು ಒಳನಾಡಿಗೆ, ಕೆಲವೊಮ್ಮೆ ಫಿನ್‌ಲ್ಯಾಂಡ್ ಗಡಿಯ ತನಕ ಕರೆದೊಯ್ಯುತ್ತಾರೆ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಒಬ್ಬರಿಗೆ ಸಾವಿರ ಕ್ರೋನರ್‌ಗೂ ಮೇಲೆ ಕೇಳುತ್ತಾರೆ, ಎಂದರೆ ನಮ್ಮ ಎಂಟೊಂಬತ್ತು ಸಾವಿರ ರೂಪಾಯಿ. ಬೆಳಕು ಕಾಣದಿದ್ದರೆ ಹಣ ಹಿಂದೆ ಬರುವುದಿಲ್ಲ. ನನ್ನ ಸಲಹೆ ಏನೆಂದರೆ, ಮಗಳ ಮನೆಯಲ್ಲಿ ವಾರಗಟ್ಟಲೆ ಇರುವವರು ಅವಸರ ಮಾಡಬೇಡಿ. ದ್ವೀಪದ ನೆತ್ತಿಯಲ್ಲಿ ಪ್ರೆಸ್ಟ್‌ವಾನೆಟ್ ಎಂಬ ಕೆರೆ ಇದೆ, ದಕ್ಷಿಣ ತುದಿಯಲ್ಲಿ ಟೆಲಿಗ್ರಾಫ್‌ಬುಕ್ತಾ ಎಂಬ ಕಡಲತೀರ. ಎರಡೂ ಕಡೆ ಬೀದಿದೀಪದ ಕಾಟ ಕಡಿಮೆ. ಆಕಾಶ ತೆರೆದ ರಾತ್ರಿ ಪುಕ್ಕಟೆಯಾಗಿ ನೋಡಬಹುದು.

ನಾಯಿಗಳು ಎಳೆಯುವ ಜಾರುಬಂಡಿ ಅಲ್ಲಿನ ದೊಡ್ಡ ಆಕರ್ಷಣೆ. ಹಸ್ಕಿ ಜಾತಿಯ ನಾಯಿಗಳು. ಮಂಡಿ ನೋವಿನವರು ಬಂಡಿಯಲ್ಲಿ ಕಂಬಳಿ ಹೊದ್ದು ಕುಳಿತರಾಯಿತು, ಓಡಿಸುವವರು ಹಿಂದೆ ನಿಲ್ಲುತ್ತಾರೆ. ಆದರೆ ಆ ನಾಯಿಗಳು ಬಹಳ ಪ್ರೀತಿಯವು, ಮೈಮೇಲೆ ಹಾರಿ ನೆಕ್ಕದೆ ಬಿಡುವುದಿಲ್ಲ. ನಜಸ್‌ನ ವಿಷಯದಲ್ಲಿ ನಮ್ಮಂತೆ ಯೋಚಿಸುವವರಿಗೆ ಹಿಮಸಾರಂಗ ಎಳೆಯುವ ಬಂಡಿಯೇ ಮೇಲು. ಅದನ್ನು ನಡೆಸುವವರು ಸಾಮಿ ಜನಾಂಗದವರು, ಆ ನೆಲದ ಮೂಲನಿವಾಸಿಗಳು. ತಲೆತಲಾಂತರದಿಂದ ಹಿಮಸಾರಂಗ ಸಾಕುವವರು. ಒಂದು ಕಾಲದಲ್ಲಿ ಶಾಲೆಗಳಲ್ಲಿ ಅವರ ಭಾಷೆಯನ್ನೇ ಮರೆಸುವ ಪ್ರಯತ್ನ ನಡೆದಿತ್ತು. 1989ರಲ್ಲಿ ನಾರ್ವೆಯಲ್ಲಿ ಅವರದೇ ಸಂಸತ್ತು ಆರಂಭವಾಯಿತು. ಫೆಬ್ರವರಿ 6 ಅವರ ರಾಷ್ಟ್ರೀಯ ದಿನ. ಆ ವಾರ ಟ್ರೋಮ್ಸೋದ ಮುಖ್ಯ ಬೀದಿಯಲ್ಲೇ ಹಿಮಸಾರಂಗಗಳ ಓಟದ ಸ್ಪರ್ಧೆ. ನನ್ನ ಅದೃಷ್ಟಕ್ಕೆ ಆಗ ನಾನು ಅಲ್ಲಿದ್ದೆ. ನೀಲಿ ಕೆಂಪು ಉಡುಪಿನ ಅಜ್ಜಿಯೊಬ್ಬರು ಡೇರೆಯೊಳಗೆ ಬೆಂಕಿಯ ಬಳಿ ಜಾಗ ಬಿಟ್ಟುಕೊಟ್ಟು, ನನ್ನ ಶಾಲಿನ ಕಸೂತಿಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ನಾನು ಅವರದನ್ನು ನೋಡಿದೆ. ಭಾಷೆ ಬರದಿದ್ದರೂ ಅರ್ಧ ಗಂಟೆ ಕಳೆಯಿತು.

ಉಡುಪಿನ ಬಗ್ಗೆ ಕೇಳುವವರಿಗೆ ಒಂದು ತಮಾಷೆ ಹೇಳುತ್ತೇನೆ. ಚಳಿಗಾಲದ ಟ್ರೋಮ್ಸೋದಲ್ಲಿ ತಲೆ ಮುಚ್ಚದ ಹೆಂಗಸೂ ಇಲ್ಲ, ಗಂಡಸೂ ಇಲ್ಲ. ಮೈಗೆ ತಾಗುವ ಬಟ್ಟೆ ಉಣ್ಣೆಯದೇ ಇರಬೇಕು, ಹತ್ತಿ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿ ಮೈಯನ್ನು ತಣ್ಣಗಾಗಿಸುತ್ತದೆ. ಬುರ್ಖಾದ ಅಂಚು ಹಿಮದಲ್ಲಿ ನೆನೆದು ಕಾಲಿಗೆ ತೊಡರುತ್ತದೆ, ಅದರ ಬದಲು ಸಡಿಲ ಪ್ಯಾಂಟಿನ ಮೇಲೆ ಮೊಣಕಾಲಿನ ಕೆಳಗಿನ ತನಕ ಬರುವ ಕೋಟು ಸುಲಭ. ಸವಾರಿಗಳಲ್ಲಿ ಅವರೇ ದಪ್ಪ ಮೇಲುಡುಪು ಕೊಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಶೂಗೆ ಹಾಕುವ ಮುಳ್ಳಿನ ಪಟ್ಟಿ. ಅಲ್ಲಿ ಅದಕ್ಕೆ ಬ್ರೊಡ್ಡರ್ ಎನ್ನುತ್ತಾರೆ, ಯಾವ ಅಂಗಡಿಯಲ್ಲೂ ಸಿಗುತ್ತದೆ. "ನಾಲ್ಕು ಹೆಜ್ಜೆಗೆ ಯಾಕೆ" ಎಂದು ಬಿಟ್ಟು ಹೋದ ನಾನು ತಂಗಿಯ ಮನೆಯ ಮೆಟ್ಟಿಲ ಬುಡದಲ್ಲೇ ಬಿದ್ದೆ. ಮಣಿಕಟ್ಟು ಹದಿನೈದು ದಿನ ನೋವು. ಮಂಡಿ ನೋವಿನ ತಾಯಿ ಇದೊಂದನ್ನು ಮರೆಯಬಾರದು. ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಹೇಗೂ ಕಡ್ಡಾಯ.

ಊಟಕ್ಕೆ ಮೀನು ಇದೆ, ಧಾರಾಳ. ಜನವರಿಯಿಂದ ಎಪ್ರಿಲ್ ತನಕ ಸ್ಕ್ರೈ ಎಂಬ ಕಾಡ್ ಮೀನಿನ ಕಾಲ. ಹಾಲಿನಷ್ಟು ಬಿಳಿ ಮಾಂಸ. ನಮ್ಮ ಮಸಾಲೆ ಹಾಕಿ ಸಾರು ಮಾಡಿದರೆ ಅಳಿಯ ಎರಡನೇ ಸಲ ಕೇಳುವಂತಿರುತ್ತದೆ. ಆದರೆ ಹೋಟೆಲಿನಲ್ಲಿ "ಮೀನು ತಾನೇ" ಎಂದು ಕಣ್ಣು ಮುಚ್ಚಿ ತಿನ್ನಬೇಡಿ. ಬೊಕ್ನಾಫಿಸ್ಕ್ ಎಂಬ ಅರೆ ಒಣಗಿಸಿದ ಮೀನಿನ ಮೇಲೆ ಹಂದಿಯ ಬೇಕನ್ ಚೂರು ಉದುರಿಸುವುದು ಅಲ್ಲಿನ ಪದ್ಧತಿ. ಕೇಳಿದರೆ ಹಾಕದೆ ಕೊಡುತ್ತಾರೆ.

ಚಳಿಯಾದಾಗ ಕುಳಿತುಕೊಳ್ಳಲು ಪೇಟೆಯ ನಡುವೆ ಗ್ರಂಥಾಲಯ ಇದೆ. ಹಳೆಯ ಸಿನಿಮಾ ಮಂದಿರದ ಕಮಾನಿನ ಛಾವಣಿಯನ್ನು ಉಳಿಸಿಕೊಂಡು ಅದರ ಕೆಳಗೆ ಗಾಜಿನ ಗೋಡೆ ಕಟ್ಟಿ 2005ರಲ್ಲಿ ತೆರೆದದ್ದು. ಕಾಸು ಕೊಡಬೇಕಿಲ್ಲ. ಬಂದರಿನ ಬಳಿಯ ಧ್ರುವ ಸಂಗ್ರಹಾಲಯಕ್ಕೂ ಒಮ್ಮೆ ಹೋಗಿ. ದಕ್ಷಿಣ ಧ್ರುವವನ್ನು ಮೊದಲು ತಲುಪಿದ ಅಮುಂಡ್‌ಸೆನ್ 1928ರ ಜೂನ್ 18ರಂದು, ಧ್ರುವದಲ್ಲಿ ಸಿಕ್ಕಿಬಿದ್ದಿದ್ದ ಇನ್ನೊಬ್ಬ ಸಾಹಸಿಯನ್ನು ಹುಡುಕಲು ಇದೇ ಊರಿನಿಂದ ವಿಮಾನ ಹತ್ತಿದರು, ಮರಳಿ ಬರಲಿಲ್ಲ. ಅವರ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಮೆಚ್ಚುಗೆಯಾದದ್ದು ವಾನಿ ವೊಲ್ಡ್‌ಸ್ಟಾಡ್ ಎಂಬ ಮಹಿಳೆ. ಟ್ರೋಮ್ಸೋದಲ್ಲಿ ಟ್ಯಾಕ್ಸಿ ಓಡಿಸಿದ ಮೊದಲ ಹೆಂಗಸು. 1932ರಲ್ಲಿ ಟ್ಯಾಕ್ಸಿ ಬಿಟ್ಟು ಇನ್ನೂ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಬೇಟೆಗಾರಳಾಗಿ ಹೋಗಿ ತಿಂಗಳುಗಟ್ಟಲೆ ಕತ್ತಲಿನ ಚಳಿಗಾಲಗಳನ್ನು ಗುಡಿಸಲಿನಲ್ಲಿ ಕಳೆದವರು. ಆ ಅನುಭವವನ್ನು ಪುಸ್ತಕವಾಗಿಯೂ ಬರೆದರು.

ಇಷ್ಟು ಹೇಳಿದ ಮೇಲೆ, ಪ್ರವಾಸಕ್ಕೆ ಯಾವ ತಿಂಗಳು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಮಗಳು ಹೇಳಿದ್ದೇ. ಮಾರ್ಚ್. ಹಗಲು ಹನ್ನೆರಡು ಗಂಟೆ, ರಾತ್ರಿ ಹನ್ನೆರಡು ಗಂಟೆ. ಹಿಮ ತುಂಬ ಇರುತ್ತದೆ, ಬಿಸಿಲೂ ಇರುತ್ತದೆ, ಧ್ರುವಜ್ಯೋತಿಯೂ ಕಾಣುತ್ತದೆ. ನಮಾಝಿಗೆ ಸೂರ್ಯನೇ ಗಡಿಯಾರ. ನಿಮ್ಮಲ್ಲಿ ಯಾರಾದರೂ ಮಕ್ಕಳೊಂದಿಗೆ ಹೋಗುವ ಯೋಚನೆ ಮಾಡುತ್ತಿದ್ದರೆ ಕಣ್ಣುಮುಚ್ಚಿ ಮಾರ್ಚ್‌ಗೆ ಟಿಕೆಟ್ ಮಾಡಿಸಿ.

ಆದರೆ ಪತ್ರದ ಕೊನೆಯ ಸಾಲು ಇದೆಯಲ್ಲ. "ಕಳೆದ ಡಿಸೆಂಬರ್‌ನಲ್ಲಿ ಮಗಳು ಫೋನಿನಲ್ಲಿ ಹೂಂ, ಇಲ್ಲ ಎಂಬುದನ್ನು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ಈಗ ಸರಿಯಾಗಿದ್ದಾಳೆ" ಎಂದು ಬರೆದು ಸಹಿ ಹಾಕಿದ್ದಾರೆ.

ನನ್ನ ತಂಗಿಯ ಮೊದಲ ಡಿಸೆಂಬರ್ ಕೂಡ ಹಾಗೆಯೇ ಇತ್ತು. ಆಗ ಅವಳು ನನ್ನನ್ನು ಬಾ ಎಂದು ಕರೆದಿದ್ದಳು. ನಾನು, "ಕತ್ತಲಿನಲ್ಲಿ ಬಂದು ಏನು ನೋಡುವುದು, ಫೆಬ್ರವರಿಯಲ್ಲಿ ಬರ್ತೇನೆ" ಎಂದೆ. ಎಲ್ಲರೂ ಹಾಗೆಯೇ ಸಲಹೆ ಕೊಟ್ಟಿದ್ದರು. ಫೆಬ್ರವರಿಯಲ್ಲಿ ಹೋದಾಗ ಅವಳು ನಗುನಗುತ್ತಾ ವಿಮಾನ ನಿಲ್ದಾಣಕ್ಕೆ ಬಂದಿದ್ದಳು, ಹಿಮಸಾರಂಗ ತೋರಿಸಿದಳು, ಎಲ್ಲ ತೋರಿಸಿದಳು. ಹೊರಡುವ ಹಿಂದಿನ ರಾತ್ರಿ ಪಾತ್ರೆ ತೊಳೆಯುತ್ತಾ ಹೇಳಿದಳು. ಗಂಡ ಕೆಲಸಕ್ಕೆ, ಮಗ ಶಾಲೆಗೆ ಹೋದ ಮೇಲೆ ಅವಳು ಎಷ್ಟೋ ದಿನ ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲವಂತೆ. ಕಿಟಕಿಯ ಹೊರಗೆ ಬೆಳಿಗ್ಗೆ ಒಂಬತ್ತಕ್ಕೂ ಕತ್ತಲು, ಮಧ್ಯಾಹ್ನ ಮೂರಕ್ಕೂ ಕತ್ತಲು. "ನೀನು ಇದ್ದಿದ್ದರೆ ಚಹಾ ಮಾಡ್ಲಿಕ್ಕಾದರೂ ಏಳ್ತಿದ್ದೆ" ಎಂದಳು. ನಾನು ನೋಡಲು ಹೋದದ್ದು ಬೆಳಕನ್ನು. ಅವಳಿಗೆ ಜನ ಬೇಕಾಗಿದ್ದದ್ದು ಕತ್ತಲಿನಲ್ಲಿ.

ಆದ್ದರಿಂದ ಸಹೋದರಿ, ನೀವು ಮಾರ್ಚ್‌ಗೆ ಹೋಗಬೇಡಿ. ನವೆಂಬರ್ ಕೊನೆಗೆ ಹೋಗಿ.

ಕತ್ತಲು ಎಂದರೆ ಬಾವಿಯೊಳಗಿನ ಕತ್ತಲಲ್ಲ. ಆಕಾಶ ತಿಳಿಯಾಗಿದ್ದರೆ ನಡುಹಗಲಿನಲ್ಲಿ ಎರಡು ಮೂರು ಗಂಟೆ ನಸುಬೆಳಕು ಇರುತ್ತದೆ. ಹಿಮ, ಗುಡ್ಡ, ಸಮುದ್ರ ಎಲ್ಲ ನೀಲಿ, ದಕ್ಷಿಣದ ಅಂಚಿನಲ್ಲಿ ಗುಲಾಬಿ. ಆ ಹೊತ್ತಿನಲ್ಲಿ ಮಗಳನ್ನು ಎಬ್ಬಿಸಿ ದಿನವೂ ಹೊರಗೆ ನಡೆಯಲು ಕರೆದೊಯ್ಯಿರಿ. ಕೋಟಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಕಟ್ಟಿಕೊಳ್ಳಿ, ವಾಹನದವರಿಗೆ ಕಾಣಬೇಕು. ಅಲ್ಲಿಯ ಮನೆಗಳಲ್ಲಿ ಪ್ರತಿ ಕಿಟಕಿಗೂ ಒಂದು ದೀಪ ಇಡುತ್ತಾರೆ, ನೀವೂ ಇಡಿ. ಹೆಸರಿನಲ್ಲಿ "ರ" ಇರುವ ತಿಂಗಳುಗಳಲ್ಲಿ, ಎಂದರೆ ಸೆಪ್ಟೆಂಬರ್‌ನಿಂದ ಎಪ್ರಿಲ್ ತನಕ, ದಿನಕ್ಕೊಂದು ಚಮಚ ಕಾಡ್ ಮೀನಿನ ಎಣ್ಣೆ ಕುಡಿಯುವುದು ನಾರ್ವೆಯ ಅಜ್ಜಿಯರ ರೂಢಿ. ಬಿಸಿಲಿಲ್ಲದ ಊರಿನಲ್ಲಿ ವಿಟಮಿನ್ ಡಿ ಸಿಗುವ ದಾರಿ ಅದು. ಮಾತ್ರೆಯಲ್ಲಿ ಜೆಲಾಟಿನ್ ಇರಬಹುದು, ಬಾಟಲಿಯದ್ದನ್ನೇ ಕೊಳ್ಳಿ. ರುಚಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ಇಷ್ಟಾಗಿಯೂ ಮಗಳು ಮತ್ತೆ ಹಾಸಿಗೆ ಹಿಡಿದರೆ, ಊಟ ನಿದ್ದೆ ಬಿಟ್ಟರೆ, ಅವಳನ್ನು ಡಾಕ್ಟರ ಬಳಿ ಕರೆದೊಯ್ಯಲು ನಾಚಿಕೆ ಪಡಬೇಡಿ. ಅಲ್ಲಿಯ ಡಾಕ್ಟರುಗಳಿಗೆ ಕತ್ತಲ ಕಾಲದ ಈ ತೊಂದರೆ ಹೊಸದಲ್ಲ.

ನೋಡಲು ಏನೂ ಸಿಗುವುದಿಲ್ಲ ಎಂದುಕೊಳ್ಳಬೇಡಿ. ನವೆಂಬರ್‌ನಿಂದ ಜನವರಿ ತನಕ ಹೆರಿಂಗ್ ಮೀನಿನ ಹಿಂಡುಗಳ ಬೆನ್ನು ಹತ್ತಿ ತಿಮಿಂಗಿಲಗಳು ಉತ್ತರದ ಶೆರ್ವೊಯ್ ಊರಿನ ಸುತ್ತಲ ಕಡಲಿಗೆ ಬರುತ್ತವೆ. ಟ್ರೋಮ್ಸೋದಿಂದ ದೋಣಿಯಲ್ಲಿ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಸಮುದ್ರ ಹೊಟ್ಟೆ ತೊಳಸುವವರಿಗೆ ಕಷ್ಟ. ಧ್ರುವಜ್ಯೋತಿಯಂತೂ ಆಗ ಸಂಜೆ ನಾಲ್ಕಕ್ಕೇ ಕಂಡರೂ ಆಶ್ಚರ್ಯವಿಲ್ಲ, ಅಡುಗೆಮನೆಯ ಕಿಟಕಿಯಿಂದಲೇ ನೋಡಬಹುದು.

ಮರಳುವ ಟಿಕೆಟನ್ನು ಮಾತ್ರ ಜನವರಿ 21ರ ನಂತರಕ್ಕೆ ಮಾಡಿಸಿ. ಅಂದು ಅಲ್ಲಿ ಸೂರ್ಯನ ದಿನ. ಶಾಲೆಯ ಮಕ್ಕಳೆಲ್ಲ ಹೊರಗೆ ಬರುತ್ತಾರೆ. ಗುಡ್ಡಗಳ ಸಂದಿಯಿಂದ ಅವನು ಕೆಲವೇ ನಿಮಿಷ ಇಣುಕಿ ಹೋಗುತ್ತಾನೆ, ಅದೂ ಮೋಡವಿಲ್ಲದಿದ್ದರೆ. ಬೇಕರಿಗಳಲ್ಲಿ ಸೂರ್ಯನ ಬನ್ನು ಎಂದು ಒಳಗೆ ಜಾಮ್ ತುಂಬಿದ ದುಂಡನೆಯ ಬನ್ನು ಮಾರುತ್ತಾರೆ. ಅದನ್ನು ಯಾವ ಎಣ್ಣೆಯಲ್ಲಿ ಕರಿಯುತ್ತಾರೋ ಕೇಳಿಕೊಳ್ಳಿ. ಇಲ್ಲವೇ ಹಿಂದಿನ ರಾತ್ರಿ ಮೈದಾಗೆ ಈಸ್ಟ್, ಹಾಲು, ಸ್ವಲ್ಪ ಸಕ್ಕರೆ ಹಾಕಿ ಕಲಸಿಡಿ. ಬೆಳಿಗ್ಗೆ ಮಗಳು ಉಂಡೆ ಕಟ್ಟಲಿ, ನೀವು ಕರಿಯಿರಿ. ಡಬ್ಬಿಗೆ ತುಂಬಿಕೊಂಡು ಹನ್ನೊಂದು ಗಂಟೆಗೇ ಹೊರಡಿ, ಕಡಲ ದಂಡೆಯಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಲು ಒಳ್ಳೆಯ ಜಾಗ ಬೇಗ ತುಂಬಿಬಿಡುತ್ತದೆ.